ಸೇವ್ ರೂಮಿನ ರಾಗ

ಶೆಟ್ಟಿಹಳ್ಳಿ, ತುಮಕೂರು
14-11-2025, ಶುಕ್ರವಾರ, ಮಧ್ಯಾಹ್ನ

ಪ್ರೀತಿಯ ಸಂಗೂ,

ಲಕೋಟೆಯ ಮೇಲೆ ಎಲ್ಲ ಸರಿಯಾಗಿ ಬರೆದಿದ್ದೀನಿ. ಮೊದಲು ಮೂರು ಶ್ರೀ, ಆಮೇಲೆ ಮಠದಲ್ಲಿ ನಿನಗೆ ಇಟ್ಟ ಉದ್ದನೆಯ ಹೆಸರು, ಕೊನೆಗೆ ಚಿಕ್ಕ ಸ್ವಾಮಿಗಳವರ ಸನ್ನಿಧಿಗೆ ಅಂತ. ಒಳಗೆ ಮಾತ್ರ ನನ್ನ ಕೈಗೆ ಸಂಗೂ ಬಿಟ್ಟು ಬೇರೇನೂ ಬರಲಿಲ್ಲ. ನಿನಗಿಂತ ಮೊದಲು ಮಠದವರು ಯಾರಾದರೂ ಇದನ್ನು ಒಡೆದರೆ, ಸ್ವಾಮಿ, ತಪ್ಪು ತಿಳಿಯಬೇಡಿ, ನಾನು ನಿಮ್ಮ ಬುದ್ಧಿಯವರ ಪೂರ್ವಾಶ್ರಮದ ಅಕ್ಕ ಸುಮನಾ. ದಯವಿಟ್ಟು ಹಾಗೇ ಮಡಚಿ ಅವರ ಕೈಗೇ ಕೊಟ್ಟುಬಿಡಿ.

ಹೇಗಿದ್ದೀಯೋ? ನಿನ್ನ ಉಬ್ಬಸ ಹೇಗಿದೆ? ಚಳಿ ಶುರುವಾಗಿದೆ, ಬೆಳಗಿನ ಜಾವ ತಣ್ಣೀರು ಹುಯ್ದುಕೊಂಡು ಒದ್ದೆ ಮೈಯಲ್ಲಿ ಪೂಜೆಗೆ ಕೂರುತ್ತೀಯಂತೆ, ಅಮ್ಮ ಫೋನಿನಲ್ಲಿ ಹೇಳಿ ಅತ್ತಳು. ಇನ್‌ಹೇಲರ್ ಇಟ್ಟುಕೊಂಡಿದ್ದೀಯಾ? ಕಾವಿಗೆ ಜೇಬಿರಲ್ಲ, ಎಲ್ಲಿಟ್ಟುಕೊಳ್ಳುತ್ತೀಯೋ ಏನೋ. ಮುದ್ದೆ ತಿನ್ನುತ್ತೀಯಾ ಈಗಲಾದರೂ? ಗುಬ್ಬಿಯಲ್ಲಿ ಅಮ್ಮನ ಕಣ್ಣು ತಪ್ಪಿಸಿ ಅರ್ಧ ಮುದ್ದೆ ನನ್ನ ತಟ್ಟೆಗೆ ಜಾರಿಸುತ್ತಿದ್ದೆಯಲ್ಲ, ಅಲ್ಲಿ ಪಕ್ಕದಲ್ಲಿ ಯಾರು ಕೂರುತ್ತಾರೆ? ಯಾರೂ ಇಲ್ಲದಿದ್ದರೆ ತಿನ್ನಲೇಬೇಕಾಗಿರುತ್ತೆ ಬಿಡು, ಒಳ್ಳೆಯದೇ ಆಯಿತು.

ಫೋನು ಮಾಡಿ ಸಾಕಾಯಿತು ಕಣೋ. ನಿನ್ನ ನಂಬರಿಗೆ ಮಾಡಿದರೆ ಮಠದ ವ್ಯವಸ್ಥಾಪಕರು ಎತ್ತುತ್ತಾರೆ, ಬುದ್ಧಿಯವರು ಪೂಜೆಲವ್ರೆ ಅಂತಾರೆ, ಇಲ್ಲ ಪ್ರಸಾದಕ್ಕೆ ಹೋಗವ್ರೆ ಅಂತಾರೆ. ಅವರದ್ದೇನೂ ತಪ್ಪಿಲ್ಲ, ಪಾಪ, ಬಲು ಮರ್ಯಾದೆಯಿಂದಲೇ ಮಾತಾಡುತ್ತಾರೆ. ಮಠದ ವಾಟ್ಸಾಪ್ ಗ್ರೂಪಿನಲ್ಲಿ ದಿನಾ ಬೆಳಿಗ್ಗೆ ನಿನ್ನ ಫೋಟೋ ಬರುತ್ತೆ, ಹಿಂದೆ ಸೂರ್ಯ, ಕೆಳಗೆ ಶುಭೋದಯ. ಅತ್ತೆಯವರು ಅದಕ್ಕೆ ಕೈ ಮುಗಿಯುವ ಗುರುತು ಒತ್ತುತ್ತಾರೆ. ನಾನು ಆ ಫೋಟೋ ದೊಡ್ಡದು ಮಾಡಿ, ಕಣ್ಣಿನ ಕೆಳಗೆ ಕಪ್ಪಾಗಿದೆಯಾ ಅಂತ ನೋಡುತ್ತೀನಿ.

ಅದಕ್ಕೇ ಈ ಕಾಗದ. ಕೂಸಿಗೆ ಎಣ್ಣೆ ಹಚ್ಚಿ ನೀರು ಹಾಕೋಕೆ ಬರುವ ಗಿರಿಯಮ್ಮನದು ನಿಮ್ಮ ಹುಲಿಯೂರುದುರ್ಗದ ಹತ್ತಿರದ ಊರು. ಇವತ್ತು ಸಂಜೆ ಬಸ್ಸಿಗೆ ಹೊರಟಿದ್ದಾಳೆ, ನಾಳೆ ಮಠಕ್ಕೆ ಬಂದು ಇದನ್ನು ನಿನ್ನ ಕೈಗೇ ಕೊಡುತ್ತಾಳೆ. ಸೋಮವಾರದೊಳಗೆ ನಿನಗೆ ಸೇರಲೇಬೇಕು ಸಂಗೂ. ಯಾಕೆಂದರೆ ಕಡೇ ಕಾರ್ತಿಕ ಸೋಮವಾರಕ್ಕೆ ನಮ್ಮ ಅತ್ತೆ ಸಿದ್ದಗಂಗಮ್ಮನವರು, ತಮ್ಮ ಭಜನೆ ಮಂಡಳಿಯ ಹೆಂಗಸರನ್ನೆಲ್ಲ ಟೆಂಪೋ ಟ್ರಾವೆಲರ್‌ನಲ್ಲಿ ತುಂಬಿಸಿಕೊಂಡು ನಿನ್ನ ದರ್ಶನಕ್ಕೆ ಬರುತ್ತಿದ್ದಾರೆ. ಕೂಸಿರೋದರಿಂದ ನಾನು ಮನೆಯಲ್ಲೇ. ಹಣ್ಣಿನ ತಟ್ಟೆ ಇಟ್ಟು ನಿನ್ನನ್ನು ನಮ್ಮ ಮನೆಗೆ ಪಾದಪೂಜೆಗೆ ಕರೆಯುತ್ತಾರೆ. ಅದಕ್ಕೆ ಮುಂಚೆ ನೀನು ಇದನ್ನೆಲ್ಲ ಓದಿರಬೇಕು.

ಮನೆ ಸುದ್ದಿ ಹೇಳುತ್ತೀನಿ. ಇಂಚರಾಗೆ ಆರು ತಿಂಗಳು ತುಂಬುತ್ತಾ ಬಂತು. ನಿನ್ನ ಹಾಗೇ ಕಿವಿ, ಅಗಲಕ್ಕೆ. ಗಿರಿಯಮ್ಮ ಕಾಲ ಮೇಲೆ ಮಲಗಿಸಿಕೊಂಡು ಮೂಗು ನೀವುತ್ತಾ, ಇದು ತಾಯಿ ಕಡೆ ಮೂಗು ಕಣವ್ವ, ಎಷ್ಟ್ ತೀಡಿದ್ರೂ ನೆಟ್ಟಗಾಗಾಕಿಲ್ಲ ಅಂತ ದಿನಾ ನಮ್ಮ ವಂಶವನ್ನೇ ಬೈಯುತ್ತಾಳೆ. ಅಮ್ಮನ ಮನೆಯಿಂದ ಬಾಣಂತನ ಮುಗಿಸಿ ಇಲ್ಲಿಗೆ ಬಂದು ತಿಂಗಳಾಯಿತು. ಉದಯ್ ವಸಂತನರಸಾಪುರದ ಫ್ಯಾಕ್ಟರಿಗೆ ಹೋಗಿಬಿಟ್ಟರೆ ಶಿಫ್ಟ್ ಮುಗಿಸಿ ಬರುವ ಹೊತ್ತಿಗೆ ಅವರ ಮುಖದಲ್ಲಿ ಏನೂ ಉಳಿದಿರಲ್ಲ, ಕೂತಲ್ಲೇ ತೂಕಡಿಸುತ್ತಾರೆ. ಅತ್ತೆಯವರಿಗೆ ಮಧ್ಯಾಹ್ನ ಭಜನೆ. ಆಗ ಮನೆಯಲ್ಲಿ ನಾನು, ಕೂಸು, ಫ್ಯಾನಿನ ಸದ್ದು. ಅಂಡರ್‌ಪಾಸಿನ ಮೇಲೆ ಗುಬ್ಬಿ ಕಡೆಗೆ ಹೋಗುವ ರೈಲು ಕೂಗಿಕೊಂಡು ಹೋಗುತ್ತೆ. ಇಪ್ಪತ್ತು ನಿಮಿಷಕ್ಕೆ ಅದು ಅಪ್ಪನ ಅಂಗಡಿಯ ಹಿಂದೆ ಹಾದುಹೋಗುತ್ತೆ ಅಂತ ಅಂದುಕೊಳ್ಳುತ್ತೀನಿ. ನಿದ್ದೆ ಇಲ್ಲ ಅಂತ ಯಾರಿಗಾದರೂ ಹೇಳಿದರೆ, ಆರು ತಿಂಗಳ ಕೂಸಿರೋ ಮನೇಲಿ ನಿದ್ದೆ ಎಲ್ಲಿಂದ ಬರಬೇಕಮ್ಮ ಅಂತ ನಗುತ್ತಾರೆ. ನಾನೂ ನಗುತ್ತೀನಿ.

ಇರಲಿ. ದೀಪಾವಳಿ ಮುಗಿದ ಮೇಲಿನ ನಮ್ಮ ವರ್ಷದ ನಾಲ್ಕು ನೆನಪಿದೆಯಾ? ಒಂದು ಪಿಕ್ಚರ್ರು, ಒಂದು ಪುಸ್ತಕ, ಒಂದು ಆಟ, ಒಂದು ಹಾಡು. ಆ ವರ್ಷ ಅತಿ ಇಷ್ಟವಾದದ್ದನ್ನು ಒಬ್ಬರು ಹೇಳಬೇಕು, ಇನ್ನೊಬ್ಬರು ಜಗಳ ತೆಗೆಯಲೇಬೇಕು. ನೀನು ಎಂಟನೇ ಕ್ಲಾಸಿಗೆ ಮಠದ ಹಾಸ್ಟೆಲ್ಲಿಗೆ ಸೇರಿದ ಮೇಲೆ ಅಲ್ಲಿ ಮೊಬೈಲಿಗೆ ಅವಕಾಶವಿಲ್ಲದೆ ಕಾಗದದಲ್ಲೇ ಜಗಳ ಆಡಿದೆವಲ್ಲ, ರಗಳೆ ಬರೆದ ಹಾಗೆ ಪುಟಗಟ್ಟಲೆ. ಹೋದ ವರ್ಷ ನಿನಗೆ ಪಟ್ಟವಾಯಿತು, ನಿನ್ನ ನಾಲ್ಕು ಬರಲಿಲ್ಲ. ನಾನೂ ಕೇಳಲಿಲ್ಲ, ಸ್ವಾಮಿಗಳನ್ನು ಹೋಗಿ ಯಾವ ಗೇಮ್ ಇಷ್ಟ ಅಂತ ಹೇಗೆ ಕೇಳೋದು. ಈ ವರ್ಷ ನನ್ನದನ್ನಾದರೂ ಬರೆಯುತ್ತೀನಿ. ನೀನು ಮನಸ್ಸಿನಲ್ಲೇ ಜಗಳ ತೆಗಿ.

ಪಿಕ್ಚರ್ರು: ಸಮುದ್ರದ ತಳದಲ್ಲಿ ಬಸ್ಸು ಓಡಿಸುವ ಒಂದು ಕರಡಿಯ ಗೊಂಬೆ ಪಿಕ್ಚರ್. ಮಣ್ಣಿನ ಗೊಂಬೆಗಳನ್ನು ಕೂದಲೆಳೆಯಷ್ಟೇ ಅಲುಗಿಸಿ ಒಂದೊಂದೇ ಫೋಟೋ ತೆಗೆದು ಮಾಡಿದ್ದು, ನಿನಗೆ ಪ್ರಾಣವಾಗಿರುವ ಜಾತಿ. ಕೂಸಿಗೆ ಹಾಲು ಕೊಡುತ್ತಾ ಮೊಬೈಲಿನಲ್ಲಿ ಸದ್ದು ಸಣ್ಣಗೆ ಮಾಡಿ ಚೂರು ಚೂರೇ ನೋಡಿದೆ. ಕಂಡಕ್ಟರು ಎಂಟು ಕೈಯ ಅಷ್ಟಪದಿ. ಎಂಟು ಜನಕ್ಕೆ ಒಂದೇ ಸಲ ಟಿಕೆಟ್ ಹರಿದು ಕೊಟ್ಟು, ಚಿಲ್ಲರೆ ಮಾತ್ರ ಇಳಿಯುವಾಗ ಇಸ್ಕೊಳ್ಳಿ ಅನ್ನುತ್ತೆ. ಉದಯ್‌ಗೆ ಹೇಳಿದರೆ, ಕರಡಿ ಬಸ್ಸಾ, ಗೌರ್ಮೆಂಟೋ ಪ್ರೈವೇಟೋ ಅಂತ ಕೇಳಿದರು. ಅವರು ಕೇಳಿದ್ದು ಪಿಕ್ಚರಿಗಿಂತ ಚೆನ್ನಾಗಿತ್ತು. ಅಷ್ಟಪದಿ ಬಂದಾಗ ನಾನು ನಗಬೇಕಾಗಿತ್ತು ಸಂಗೂ. ಇದು ನಗುವ ಜಾಗ ಅಂತ ಗೊತ್ತಿತ್ತು. ನೀನಾಗಿದ್ದರೆ ಕುರ್ಚಿಯಿಂದ ಕೆಳಗೆ ಬಿದ್ದು ನಗುತ್ತಿದ್ದೆ ಅಂತಲೂ ಗೊತ್ತಿತ್ತು. ನಗು ಮಾತ್ರ ಬರಲಿಲ್ಲ. ಆದರೂ ಅದನ್ನೇ ಆರಿಸಿದ್ದೀನಿ.

ಪುಸ್ತಕ: ಗುಬ್ಬಿ ಲೈಬ್ರರಿಯಲ್ಲಿ ರಟ್ಟಿಲ್ಲದ, ಕೊನೆಯ ಪುಟಗಳೂ ಇಲ್ಲದ ಒಂದು ಕಾದಂಬರಿ ಇತ್ತಲ್ಲ, ಮಂಗಳನ ಮೇಲೆ ಕೆರೆ ತೋಡುವ ಇಂಜಿನಿಯರನದು? ಕೊನೆಗೆ ಕೆರೆಗೆ ನೀರು ಬಂತೋ ಇಲ್ಲವೋ ಅಂತ ನಾವಿಬ್ಬರೂ ಮೂರು ಥರ ಕೊನೆ ಬರೆದೆವು. ಬಸುರಿಯಾಗಿದ್ದಾಗ ಇಲ್ಲಿ ಟೌನ್‌ಹಾಲ್ ಹತ್ತಿರ ಹಳೇ ಪುಸ್ತಕ ಹರವಿಕೊಂಡವರ ಹತ್ತಿರ ಪೂರ್ತಿ ಪ್ರತಿ ಸಿಕ್ಕಿತು. ಓದಿದೆ. ಬಹಳ ಕೆಟ್ಟದಾಗಿದೆ ಕಣೋ ಕೊನೆ! ಅವನಿಗೆ ಎಚ್ಚರವಾಗುತ್ತೆ, ಎಲ್ಲ ಕನಸು. ನಿನ್ನ ಕೊನೆಯೇ ಚೆನ್ನಾಗಿತ್ತು, ಕೆರೆ ತುಂಬಿದ ಮೇಲೆ ಎಮ್ಮೆ ಯಾರು ತರೋದು ಅಂತ ಮೀಟಿಂಗ್ ಕೂರುತ್ತಾರಲ್ಲ, ಅದು. ಪುಸ್ತಕ ಆರಿಸಿದ್ದು ನಿನ್ನ ಎಮ್ಮೆಗೋಸ್ಕರ.

ಆಟ, ಹಾಡು ಎರಡೂ ಒಂದೇ. ನೀನು ಊಹಿಸಿರುತ್ತೀಯ.

ಅಪ್ಪನ ಅಂಗಡಿಯ ಹಿಂದಿನ ಕೋಣೆ. ಹಗಲೆಲ್ಲ ಲಗ್ನಪತ್ರಿಕೆ ಕಂಪೋಸ್ ಮಾಡಿ ಬಿಸಿಯಾದ ಕಂಪ್ಯೂಟರು, ಸಂಜೆ ಅರ್ಧ ಶಟರ್ ಎಳೆದ ಮೇಲೆ ನಮ್ಮದು. ಯಾವ ದೇಶದ್ದೋ ಅಕ್ಷರವಿದ್ದ ಸಿ.ಡಿ., ಹೆಸರು ಓದಲು ಬಾರದೆ ದೀಪದ ಆಟ ಅಂತ ನಾವೇ ಕರೆದೆವು. ಒಂದೇ ಕೀಬೋರ್ಡಿನಲ್ಲಿ ಇಬ್ಬರು, ನಾನು ಬಲಕ್ಕೆ ದೀಪ ಹಿಡಿದವಳು, ನೀನು ಎಡಕ್ಕೆ ಬೀಗದಕೈ ಹಿಡಿದವನು. ಕತ್ತಲೆಯ ಕೋಟೆಯಲ್ಲಿ ನಡುನಡುವೆ ಒಂದು ಪುಟ್ಟ ಕೋಣೆ, ಸೇವ್ ರೂಮು. ಗೋಡೆಯಲ್ಲಿ ನೀರು ಜಿನುಗುತ್ತಿರುತ್ತೆ, ಆ ರಾಗ ತಾನೇ ತಾನಾಗಿ ಶುರುವಾಗುತ್ತೆ, ಒಳಗೆ ಇದ್ದಷ್ಟು ಹೊತ್ತು ಯಾವ ಭೂತವೂ ಬರಲ್ಲ. ಬೀಗದಕೈ ನಿನ್ನ ಹತ್ತಿರ ಇದ್ದದ್ದರಿಂದ ಮೊದಲು ನೀನು ಒಳಗೆ ಹೋಗುತ್ತಿದ್ದೆ. ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ನಾನು ಹೊರಗಿನಿಂದ ಬಡಿಯಬೇಕು, ಟಕ್ ಟಕ್, ಒಂದು ಉಸಿರು ಬಿಟ್ಟು ಇನ್ನೊಂದು ಟಕ್. ನೀನು ಒಳಗಿನಿಂದ ಅದೇ ಥರ ಬಡಿದರೆ ಬಾಗಿಲು ತೆರೆಯುತ್ತೆ. ಇಬ್ಬರೂ ಒಳಗಿದ್ದರೆ ಮಾತ್ರ ಅಲ್ಲಿಯವರೆಗೆ ಆಡಿದ್ದು ಸೇವ್ ಆಗೋದು. ಒಬ್ಬರೇ ಇದ್ದರೆ ಹಾಡು ಕೇಳಬಹುದು, ಅಷ್ಟೇ.

ಕರೆಂಟ್ ಹೋಗಿ ಯುಪಿಎಸ್ ಕುಯ್ ಕುಯ್ ಅನ್ನತೊಡಗಿದಾಗ ನಾವು ಸೇವ್ ರೂಮಿಗೆ ಓಡುತ್ತಿದ್ದ ಓಟ! ಮುಂದಿನಿಂದ ಅಪ್ಪ, ಅಯ್ಯೋ ನನ್ ಮಕ್ಳಾ, ಮೊದ್ಲು ಕಲ್ಲೂರಿನೋರ ಲಗ್ನಪತ್ರಿಕೆ ಸೇವ್ ಮಾಡ್ರೋ ಅಂತ ಕೂಗೋದು. ಆ ಪತ್ರಿಕೆಯಲ್ಲಿ ವರನ ಹೆಸರು ಹೋಗಿ, ಮಾರನೇ ದಿನ ವರನಿಲ್ಲದೆ ಪ್ರಿಂಟಾಗಿ ಬಂತಲ್ಲ. ಚನ್ನವೀರಯ್ಯನೋರೇ, ಹುಡುಗನ್ನೂ ನೀವೇ ಕೊಡ್ತೀರಾ ಅಂತ ಅವರು ಕೇಳಿದ್ದು ಇವತ್ತಿಗೂ ಅಪ್ಪನಿಗೆ ಅವಮಾನ.

ಒಳಗೆ ಹೋದ ಮೇಲೆ ನೀನು ಹೊರಗೆ ಬರುತ್ತಲೇ ಇರಲಿಲ್ಲ. ಬಾರೋ, ಇನ್ನೂ ನಾಲ್ಕು ಬಾಗಿಲಿದೆ ಅಂದರೆ, ಇಲ್ಲೇ ಇರಣ ಕಣಕ್ಕ, ಇಲ್ಲಿ ಯಾರೂ ಬರಲ್ಲ ಅನ್ನುತ್ತಿದ್ದೆ. ನೀನು ಪಟ್ಟಕ್ಕೆ ಒಪ್ಪಿಕೊಂಡೆ ಅಂತ ಅಪ್ಪ ಹೇಳಿದಾಗ ಅಮ್ಮ ಗೋಳಾಡಿದಳು, ಊರೆಲ್ಲ ಪುಣ್ಯವಂತರು ಅಂದಿತು. ನನಗೆ ಆಶ್ಚರ್ಯವೇ ಆಗಲಿಲ್ಲ. ಇವನಿಗೆ ಕೊನೆಗೂ ಆ ಕೋಣೆ ಸಿಕ್ಕಿತು ಅನ್ನಿಸಿತು. ಸಿಟ್ಟೂ ಬಂತು, ಸುಳ್ಳು ಯಾಕೆ ಹೇಳಲಿ. ನನ್ನ ಕೈಯಲ್ಲಿ ದೀಪ ಬಿಟ್ಟು ಹೋದೆಯಲ್ಲ ಅಂತ.

ಈಗ ನಗೋ ವಿಷಯ. ಬಾಣಂತನದಲ್ಲಿ ಕೂಸು ಅತ್ತಾಗ ಜೋಗುಳ ಯಾವುದೂ ಬಾಯಿಗೆ ಬರದೆ ಆ ರಾಗವನ್ನೇ ಗುನುಗಿದೆ. ತಕ್ಷಣ ಸುಮ್ಮನಾಯಿತು. ಇಲ್ಲಿಗೆ ಬಂದ ಮೇಲೂ ಅದೇ. ಒಂದು ದಿನ ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, ಅದ್ಯಾವ ದೇವ್ರ ನಾಮನೇ ಸುಮನಾ, ಒಳ್ಳೆ ಕರುಳು ಹಿಂಡ್ದಂಗೈತೆ ಅಂದರು. ಭೂತದ ಆಟದ್ದು ಅಂತ ಕೂಸಿನ ತೊಟ್ಟಿಲ ಮುಂದೆ ಹೇಗೆ ಹೇಳಲಿ? ತಮ್ಮನ ಮಠದ್ದು ಅಂದುಬಿಟ್ಟೆ. ಮುಗಿಯಿತು. ಮಾರನೇ ದಿನವೇ ಅದಕ್ಕೆ ಓಂ ನಮಃ ಶಿವಾಯ ಸೇರಿಸಿದರು, ಸರಿಯಾಗಿ ಕೂತುಬಿಟ್ಟಿತು! ಈಗ ಇಡೀ ಭಜನೆ ಮಂಡಳಿಯೇ ತಾಳ ಕುಟ್ಟಿಕೊಂಡು ಹಾಡುತ್ತೆ, ಬುದ್ಯೋರ ಮಠದ ಹಾಡು ಅಂತ. ಅದರಲ್ಲಿ ನೀರು ಜಿನುಗೋ ಸದ್ದು ಬರುತ್ತಲ್ಲ, ಆ ಜಾಗಕ್ಕೆ ಸಿದ್ದಲಕ್ಷ್ಮಮ್ಮ ಅನ್ನುವವರು ಗೆಜ್ಜೆ ಅಲ್ಲಾಡಿಸುತ್ತಾರೆ. ಸೋಮವಾರ ನಿನ್ನ ಮುಂದೆ ಕೂತು ಅದನ್ನೇ ಹಾಡುತ್ತಾರೆ ಸಂಗೂ. ದಮ್ಮಯ್ಯ, ನಗಬೇಡ. ನಕ್ಕರೆ ನನ್ನ ಸಂಸಾರ ಕೆಡುತ್ತೆ.

ಪಾದಪೂಜೆಯ ವಿಷಯ. ಧನುರ್ಮಾಸ ಬರುವುದರೊಳಗೆ ಕೂಸಿಗೆ ಕಿವಿ ಚುಚ್ಚಿಸಬೇಕು ಅಂತಿದೆ. ಸೋದರಮಾವನ ತೊಡೆಯ ಮೇಲೆ ಕೂರಿಸಿ ಚುಚ್ಚಿಸೋದು. ಸಂಗೂ ಕೂರಲಿ ಅಂತ ನಾನು ಅಂದೆ, ಬಾಯಿ ತಪ್ಪಿ. ಅತ್ತೆ ಕೆನ್ನೆ ಕೆನ್ನೆ ಬಡಿದುಕೊಂಡರು. ಬುಡ್ತು ಅನ್ನು, ಬುದ್ಯೋರ ತೊಡೆ ಮೇಲೆ ಹೆಣ್ಕೂಸ್ ಕೂರ್ಸಾಕಾಯ್ತದಾ, ಅವ್ರಿಗೆ ಈಗ ಅಕ್ಕ ಯಾರು, ತಂಗಿ ಯಾರು, ಕೋರದಿಂದ ನಿಮ್ ದೊಡ್ಡಪ್ಪನ ಮಗ ಮೋಹನ್‌ಕುಮಾರ್ ಬಂದು ಕೂರ್ಲಿ, ಬುದ್ಯೋರು ಬಂದು ಪಾದ ಇಟ್ರೆ ಸಾಕು ಅಂದರು. ಅವರು ಕೆಟ್ಟವರಲ್ಲ. ನೀನು ಬರುತ್ತೀಯ ಅನ್ನೋದೇ ಅವರಿಗೆ ಹಬ್ಬ. ಕುಣಿಗಲ್ಲಿನಲ್ಲಿರುವ ಅವರ ತವರಿಗೆಲ್ಲ ಈಗಾಗಲೇ ಹೇಳಿದ್ದಾರೆ, ಬೀದಿಯ ತಿರುವಿನಲ್ಲಿ ಫ್ಲೆಕ್ಸ್ ಕಟ್ಟಿಸಬೇಕಂತೆ.

ನೀನು ಹಾಗೆ ಬಂದರೆ ಏನಾಗುತ್ತೆ ಅಂತ ನನಗೆ ಗೊತ್ತು. ಶಿವರಾತ್ರಿಗೆ ನೋಡಿದೆನಲ್ಲ. ಹೊಟ್ಟೆ ಹೊತ್ತುಕೊಂಡು ಸಾಲಿನಲ್ಲಿ ನಿಂತು ನಿನ್ನ ಮುಂದೆ ಬಂದಾಗ ಏನೋ ಆಗಿ, ಲೋ ಸಂಗೂ ಅಂತ ಕೂಗಿಬಿಟ್ಟೆ. ಇಡೀ ಸಭಾಂಗಣ ತಿರುಗಿ ನೋಡಿತು. ಪಕ್ಕದಲ್ಲಿದ್ದ ಹಿರಿಯರು, ಬುದ್ಧಿ ಅನ್ನಮ್ಮ ಅಂತ ಮೆಲ್ಲಗೆ ತಿದ್ದಿದರು. ನೀನು ತಲೆ ಎತ್ತಲಿಲ್ಲ. ಎಲ್ಲರಿಗೂ ಕೊಟ್ಟ ಹಾಗೆ ನನಗೂ ವಿಭೂತಿ, ಕಲ್ಲುಸಕ್ಕರೆ ಕೊಟ್ಟೆ. ಸಾಲು ಮುಂದೆ ತಳ್ಳಿತು. ಹೋಗುತ್ತಾ ತಿರುಗಿ ನೋಡಿದಾಗ ನಿನ್ನ ಬೆರಳು ಪೀಠದ ಹಿಡಿಕೆಯ ಮೇಲೆ ಅಲುಗಿದ ಹಾಗಾಯಿತು. ಎರಡು ಸಲ, ಆಮೇಲೆ ಒಂದು ಸಲವಾ? ಇಲ್ಲ ಸುಮ್ಮನೆ ಬೆರಳಾಡಿಸಿದೆಯಾ? ಓಲಗದ ಸದ್ದಿನಲ್ಲಿ ಏನೂ ಕೇಳಿಸಲಿಲ್ಲ. ಅಂದಿನಿಂದ ಅದನ್ನೇ ಮತ್ತೆ ಮತ್ತೆ ಮನಸ್ಸಿನಲ್ಲಿ ಓಡಿಸಿ ನೋಡುತ್ತಿದ್ದೀನಿ. ನೀನು ನಮ್ಮ ಮನೆಗೆ ಬಂದರೂ ಹಾಗೇ ಆಗುತ್ತೆ, ಜನ, ಹೂವು, ನಿನ್ನ ಕಾಲಿಗೆ ನೀರು ಹಾಕುವ ನಾನು. ಒಂದು ಮಾತಾಡಲು ಆಗಲ್ಲ. ಕೂಸಿಗೆ ನೀನು ಮಾವ ಅಂತ ತೋರಿಸಲೂ ಆಗಲ್ಲ. ನಿಯಮ ಮುರಿದು ತೊಡೆಯ ಮೇಲೆ ಕೂರಿಸಿಕೋ ಅಂತ ಕೇಳುತ್ತಿಲ್ಲ. ನೀನು ಆರಿಸಿಕೊಂಡ ದಾರಿ, ನಿನಗೆ ಅಲ್ಲಿ ಉಸಿರು ಹಗುರವಾಗಿದ್ದರೆ ನನಗೆ ಸಂತೋಷವೇ. ಅತ್ತೆ ತಟ್ಟೆ ಇಟ್ಟಾಗ, ಈ ವರ್ಷ ಬೇಡ ತಾಯಿ, ಮುಂದೆ ನೋಡೋಣ ಅಂದುಬಿಡು. ಅವರಿಗೆ ಬೇಜಾರಾಗದ ಹಾಗೆ ಹೇಳು, ನಿನಗೆ ಅದೆಲ್ಲ ಈಗ ಬರುತ್ತೆ.

ಅಪ್ಪ ಅಮ್ಮ ಚೆನ್ನಾಗಿದ್ದಾರೆ. ಅಪ್ಪ ಇನ್ನೂ ಅದೇ ಕಂಪ್ಯೂಟರಿನಲ್ಲೇ ಪತ್ರಿಕೆ ಮಾಡುತ್ತಾರೆ, ಯುಪಿಎಸ್ ಮಾತ್ರ ಹೊಸದು. ಉದಯ್ ನಮಸ್ಕಾರ ತಿಳಿಸಿದ್ದಾರೆ. ಕೊನೆಯಲ್ಲಿ ನಾನು ಆಶೀರ್ವಾದ ಮಾಡಬೇಕೋ ಬೇಡಬೇಕೋ ಗೊತ್ತಾಗುತ್ತಿಲ್ಲ, ಎರಡನ್ನೂ ಬರೆದುಬಿಡುತ್ತೀನಿ. ನೂರು ಕಾಲ ಚೆನ್ನಾಗಿ ಬಾಳು ಕಣೋ. ನಮ್ಮ ಕೂಸಿನ ಮೇಲೆ ನಿಮ್ಮ ಕೃಪೆ ಇರಲಿ ಬುದ್ಧಿ.

ದೀಪ ಹಿಡಿದ ನಿನ್ನ ಅಕ್ಕ,
ಸುಮನಾ

ವಿ.ಸೂ.: ಗಿರಿಯಮ್ಮ ಗೇಟಿನ ಹತ್ತಿರ ಬ್ಯಾಗು ಹಿಡಿದು ನಿಂತಿದ್ದಾಳೆ, ಬಸ್ಸು ಹೊಂಟೋಯ್ತದೆ ಕಣವ್ವೋ, ಅದೇನ್ ಪುರಾಣ ಬರೀತಿದೀಯೋ ಅಂತ ಕೂಗುತ್ತಿದ್ದಾಳೆ. ಬೇಗ ಬರೆಯುತ್ತೀನಿ. ಕೂಸು ಚೆನ್ನಾಗಿ ಮಲಗುತ್ತೆ ಸಂಗೂ. ಆ ರಾಗ ಕೇಳಿದರೆ ಬೆಳಗಿನವರೆಗೂ ಏಳಲ್ಲ. ನಿದ್ದೆ ಬಾರದಿರೋದು ನನಗೆ. ಅದು ಉಸಿರಾಡುತ್ತಿದೆಯಾ ಅಂತ ನೋಡುತ್ತಾ ಕೂತಿರುತ್ತೀನಿ, ಸುಮ್ಮಸುಮ್ಮನೆ ಅಳು ಬರುತ್ತೆ, ಇಷ್ಟವಾಗಿದ್ದದ್ದು ಯಾವುದೂ ಇಷ್ಟವಾಗುತ್ತಿಲ್ಲ. ಡಾಕ್ಟರ ಹತ್ತಿರ ಹೋಗಿದ್ದೆ. ಹೆರಿಗೆಯಾದವರಲ್ಲಿ ಎಷ್ಟೋ ಜನಕ್ಕೆ ಬರುತ್ತೆ, ವಾಸಿಯಾಗುತ್ತೆ ಅಂದರು, ಮಾತ್ರೆ ಕೊಟ್ಟಿದ್ದಾರೆ, ತಪ್ಪದೆ ತಗೋತಿದ್ದೀನಿ. ಉದಯ್‌ಗೆ ಬಿಟ್ಟರೆ ನಿನಗೊಬ್ಬನಿಗೇ ಹೇಳಿರೋದು. ಅಮ್ಮನಿಗೆ ಗೊತ್ತಾಗೋದು ಬೇಡ. ನೀನು ಏನೂ ಮಾಡಬೇಕಾಗಿಲ್ಲ. ಸೋಮವಾರ ಅತ್ತೆಯವರು ಆ ಹಾಡು ಹಾಡುವಾಗ ಪೀಠದ ಹಿಡಿಕೆಯ ಮೇಲೆ ಎರಡು ಸಲ ಬಡಿ, ಉಸಿರು ಬಿಟ್ಟು ಒಂದು ಸಲ ಬಡಿ. ಸ್ವಲ್ಪ ಜೋರಾಗಿ ಬಡಿ, ತಾಳ ಗೆಜ್ಜೆಯ ಸದ್ದಿನಲ್ಲೂ ಅವರಿಗೆ ಕೇಳಿಸಬೇಕು. ಬುದ್ಯೋರು ನಮ್ ಹಾಡಿಗೆ ತಾಳ ಹಾಕುದ್ರು ಕಣ್ರೇ ಅಂತ ಬೀದಿ ತಿರುವಿನಿಂದಲೇ ಸಾರಿಕೊಂಡು ಬರುತ್ತಾರೆ. ಎಷ್ಟು ಸಲ ಹಾಕಿದರು, ಹೇಗೆ ಹಾಕಿದರು ಅಂತ ನಾನು ಅಡುಗೆಮನೆಯಿಂದಲೇ ಕೇಳುತ್ತೀನಿ. ಅವರು ಬಾಗಿಲ ಮೇಲೆ ಬಡಿದು ತೋರಿಸುತ್ತಾರೆ.